ಯಾವ ತಿಂಗಳು ಎಷ್ಟು ದುಡ್ಡು: ಮಕ್ಕಳ ವಿದೇಶದ ಓದನ್ನು ಅಪ್ಪ ಅಮ್ಮನಿಗೆ ಬಿಡಿಸಿ ಹೇಳುವ ಬಗೆ

ಎಂಜಿನಿಯರಿಂಗ್ ಮೂರನೇ ವರ್ಷ ಮುಗಿಯುವ ಹೊತ್ತಿಗೆ ಮನೆಯಲ್ಲಿ ಎಂಎಸ್, ಅಂದರೆ ಹೊರದೇಶದ ಸ್ನಾತಕೋತ್ತರ ಓದಿನ ಮಾತು ಶುರುವಾಗುತ್ತದೆ. ಮಗಳು ಲ್ಯಾಪ್‌ಟಾಪ್ ತಿರುಗಿಸಿ ವಿಶ್ವವಿದ್ಯಾಲಯದ ಪುಟ ತೋರಿಸುತ್ತಾಳೆ. ಅಪ್ಪ ಕೇಳುವುದು ಒಂದೇ: "ಒಟ್ಟು ಎಷ್ಟಾಗುತ್ತಮ್ಮಾ?" ಈ ಪ್ರಶ್ನೆಗೆ ಒಂದೇ ಮೊತ್ತ ಹೇಳಿಬಿಟ್ಟರೆ ಮಾತು ಅಲ್ಲಿಗೇ ಕೆಡುತ್ತದೆ. 40 ಲಕ್ಷ ಅಂದರೆ ಸೈಟು ಮಾರಬೇಕಾಗುತ್ತದೇನೋ ಎಂದು ಅಮ್ಮ ಸುಮ್ಮನಾಗುತ್ತಾರೆ. ಜರ್ಮನಿಯಲ್ಲಿ ಫೀಸೇ ಇಲ್ಲ ಅಂದರೆ ಎಲ್ಲರೂ ನಿರಾಳರಾಗಿ, ಮುಂದಿನ ಜೂನ್‌ನಲ್ಲಿ 12 ಲಕ್ಷ ಒಂದೇ ಗಂಟಾಗಿ ಬೇಕೆಂದು ಗೊತ್ತಾದಾಗ ಗಾಬರಿಯಾಗುತ್ತಾರೆ.

ಹಾಗಾಗಿ ಸಲಹೆ ಕೇಳಿ ಬಂದ ಹೆತ್ತವರ ಜೊತೆ ಕೂತಾಗ ನಾವು ಮೊದಲು ಮೇಜಿನ ಮೇಲೆ ಹಾಸುವುದು ಒಂದು ಉದ್ದನೆಯ ಹಾಳೆ. ಎಡಕ್ಕೆ ತಿಂಗಳು, ನಡುವೆ ಆ ತಿಂಗಳು ಆಗಬೇಕಾದ ಕೆಲಸ, ಬಲಕ್ಕೆ ಆ ತಿಂಗಳು ಕೈಯಲ್ಲಿರಬೇಕಾದ ಹಣ. ಮೂರನೇ ವರ್ಷದ ಏಪ್ರಿಲ್‌ನಿಂದ ವಿಮಾನ ಹತ್ತುವ ಮುಂದಿನ ವರ್ಷದ ಸೆಪ್ಟೆಂಬರ್‌ವರೆಗೆ 18 ಸಾಲುಗಳು. ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇವೆ, ಅಪ್ಪ ಅಮ್ಮನ ಕೈಯಲ್ಲೇ ಬರೆಸುತ್ತೇವೆ. ದೇಶ ಯಾವುದು, ವಿಶ್ವವಿದ್ಯಾಲಯ ಯಾವುದು ಎಂಬ ತೀರ್ಮಾನ ಈ ಹಾಳೆ ತುಂಬಿದ ಮೇಲೆ ಸುಲಭವಾಗುತ್ತದೆ. ಇಲ್ಲಿ ಜರ್ಮನಿಯ ಹಾಳೆಯನ್ನೇ ತುಂಬಿ ತೋರಿಸುತ್ತೇವೆ, ಏಕೆಂದರೆ ನಮ್ಮಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅದರ ಬಗ್ಗೆಯೇ.

ಮೊದಲ ಸಾಲು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆಯೋ ಮುಂದೆಯೋ ಎರಡು ಇನಿಶಿಯಲ್, ಪಿಯುಸಿಯಲ್ಲಿ ಒಂದೇ ಇನಿಶಿಯಲ್, ಆಧಾರ್‌ನಲ್ಲಿ ಊರಿನ ಹೆಸರು ಬಿಡಿಸಿ ಬರೆದದ್ದು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಸರ್‌ನೇಮ್ ಆಗಿರುವುದು ಅಥವಾ ಆ ಜಾಗ ಖಾಲಿ ಇರುವುದು: ಮನೆತನದ ಹೆಸರು ಬಳಸದ ನಮ್ಮ ಜಿಲ್ಲೆಗಳಲ್ಲಿ ಇದು ತೀರಾ ಸಾಮಾನ್ಯ. ಇಲ್ಲಿ ಯಾರಿಗೂ ತೊಡಕೆನಿಸದ ಈ ವ್ಯತ್ಯಾಸ ಹೊರದೇಶದ ಅರ್ಜಿಯಲ್ಲಿ ಎರಡು ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ಸರ್‌ನೇಮ್ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿಬಿಡುತ್ತದೆ, ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಅಂದರೆ ಮೊದಲ ಹೆಸರು ಗೊತ್ತಿಲ್ಲ ಎಂದು ಬೀಳುತ್ತದೆ. ಆಮೇಲೆ ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್ ಎಲ್ಲದರಲ್ಲೂ ಅದು ಬೆನ್ನು ಹತ್ತುತ್ತದೆ. ಅಂಕಪಟ್ಟಿ ತಿದ್ದಿಸಲು ಮಂಡಳಿಗೆ ತಿಂಗಳುಗಟ್ಟಲೆ ಅಲೆಯಬೇಕು. ಪಾಸ್‌ಪೋರ್ಟ್ ಮರುವಿತರಣೆ ಅದಕ್ಕಿಂತ ಬೇಗ ಆಗುತ್ತದೆ, 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ. ಇನಿಶಿಯಲ್‌ಗಳನ್ನು ಬಿಡಿಸಿ, ಹೆಸರು ಮತ್ತು ಸರ್‌ನೇಮ್ ಎರಡೂ ಜಾಗ ತುಂಬಿಸಿ, ಅಂಕಪಟ್ಟಿಗೆ ಹೊಂದಿಸಲು "ಇಬ್ಬರೂ ಒಬ್ಬರೇ" ಎಂಬ ನೋಟರಿ ಪ್ರಮಾಣಪತ್ರ ಮಾಡಿಸಿಟ್ಟುಕೊಂಡರೆ ಮುಂದಿನ ಎಲ್ಲ ಸಾಲುಗಳೂ ಸಲೀಸು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷೆಯ ಪರೀಕ್ಷೆಗೆ ಹೆಸರು ಕೊಡುವ ಮೊದಲೇ ಇದು ಮುಗಿಯಬೇಕು. ಪರೀಕ್ಷೆಯ ಅಂಕ ಎರಡು ವರ್ಷ ಊರ್ಜಿತ, ಅದರಲ್ಲಿ ಅಚ್ಚಾಗುವುದು ಪಾಸ್‌ಪೋರ್ಟ್‌ನ ಹೆಸರು.

ಆಗಸ್ಟ್ ಸಾಲಿನಲ್ಲಿ ಎಪಿಎಸ್ ಎಂದು ಬರೆಯುತ್ತೇವೆ. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳು ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಹೋಗುವ ಮೊದಲು ಈ ಪ್ರಮಾಣಪತ್ರ ಪಡೆಯುವುದು ಕಡ್ಡಾಯ. ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ಪರಿಶೀಲಿಸಿ ಹೇಳುವ ಕಾಗದ ಅದು, ಅಷ್ಟೆ. ಪ್ರವೇಶ ಸಿಕ್ಕಿತು ಎಂದಲ್ಲ. ಶುಲ್ಕ 18,000 ರೂಪಾಯಿ. ಹಲವು ವಿಶ್ವವಿದ್ಯಾಲಯಗಳೂ ಅರ್ಜಿಯ ಜೊತೆಗೇ ಇದನ್ನು ಕೇಳುವುದರಿಂದ ಮಾರ್ಚ್‌ವರೆಗೆ ಕಾದರೆ ಎಲ್ಲರ ಸಾಲಿನ ಹಿಂದೆ ನಿಲ್ಲಬೇಕಾಗುತ್ತದೆ.

ನಂತರ ಅಂಕದ ಮಾತು. "ನಮ್ಮ ಹುಡುಗನದು 8.2 ಸಿಜಿಪಿಎ, ಸಾಕಲ್ವಾ?" ಜರ್ಮನಿಯಲ್ಲಿ 1 ಅತ್ಯುತ್ತಮ, 4 ಪಾಸಿನ ಅಂಚು. ನಮ್ಮ ಅಂಕವನ್ನು ಅಲ್ಲಿಗೆ ತಿರುಗಿಸುವ ಲೆಕ್ಕ ಹೀಗಿದೆ: ಗರಿಷ್ಠ ಅಂಕದಿಂದ ಪಡೆದ ಅಂಕ ಕಳೆಯಿರಿ, ಅದನ್ನು ಗರಿಷ್ಠದಿಂದ ಪಾಸಿನ ಅಂಕ ಕಳೆದದ್ದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. ಗರಿಷ್ಠ 10, ಪಾಸು 4, ಪಡೆದದ್ದು 8.2 ಆದರೆ 1.9 ಬರುತ್ತದೆ. ಪಾಸು 5 ಎಂದು ಹಿಡಿದರೆ ಅದೇ ಹುಡುಗನ ಅಂಕ 2.08. ಕೆಲವು ಕೋರ್ಸುಗಳು 2.0ಕ್ಕಿಂತ ಆಚೆಯ ಅರ್ಜಿಯನ್ನು ತೆರೆದೂ ನೋಡುವುದಿಲ್ಲ. ಆದ್ದರಿಂದ ವಿಟಿಯು ಆಗಲಿ, ಸ್ವಾಯತ್ತ ಕಾಲೇಜಾಗಲಿ, ಎಲ್ಲ ಸೆಮಿಸ್ಟರ್‌ಗಳ ಅಂಕ ಒಟ್ಟಿಗಿರುವ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಗರಿಷ್ಠ ಮತ್ತು ಪಾಸಿನ ಅಂಕ ಎರಡೂ ಸ್ಪಷ್ಟವಾಗಿ ಅಚ್ಚಾಗಿವೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಕಾಲೇಜಿನ ಪ್ರಿನ್ಸಿಪಾಲರಿಂದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಬೇಕು.

ಅರ್ಜಿಗಳ ಹೊತ್ತು ಡಿಸೆಂಬರ್‌ನಿಂದ ಮೇ. ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಜುಲೈ 15 ಸಾಮಾನ್ಯ ಗಡುವು. ಆದರೆ ಇಂಗ್ಲಿಷ್‌ನಲ್ಲಿ ನಡೆಯುವ ಬೇಡಿಕೆಯ ಕೋರ್ಸುಗಳು ಮಾರ್ಚ್‌ನಲ್ಲೇ, ಕೆಲವು ಅದಕ್ಕೂ ಮೊದಲೇ ಬಾಗಿಲು ಹಾಕುತ್ತವೆ. ಹಲವು ವಿಶ್ವವಿದ್ಯಾಲಯಗಳು ಯೂನಿ ಅಸಿಸ್ಟ್ ಎಂಬ ಒಂದೇ ಕಚೇರಿಯ ಮೂಲಕ ಅರ್ಜಿ ಪಡೆಯುತ್ತವೆ: ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಪ್ರತಿಯೊಂದಕ್ಕೆ 30. ಆರು ಕಡೆ ಹಾಕಿದರೆ 225 ಯೂರೋ. ಲೆಕ್ಕ ಸುಲಭವಾಗಲಿ ಎಂದು ಯೂರೋವನ್ನು 100 ರೂಪಾಯಿ ಎಂದೇ ಹಿಡಿಯೋಣ, ಸುಮಾರು 22,500 ರೂಪಾಯಿ.

ಇಲ್ಲಿ ಸ್ವಲ್ಪ ನಿಂತು ವಿಶ್ವವಿದ್ಯಾಲಯಗಳ ಜಾತಿ ವಿವರಿಸಬೇಕು. "ಜರ್ಮನಿ ಫ್ರೀ" ಎನ್ನುವುದು ಸರ್ಕಾರಿ ವಿಶ್ವವಿದ್ಯಾಲಯಗಳ ಮಾತು. ಅಲ್ಲೂ ಸೆಮಿಸ್ಟರ್‌ಗೆ ಸುಮಾರು 100ರಿಂದ 350 ಯೂರೋ ವಂತಿಗೆ ಇರುತ್ತದೆ. ಬಾಡೆನ್ ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ, ಅಂದರೆ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ, ಹೈಡೆಲ್‌ಬರ್ಗ್, ಫ್ರೈಬುರ್ಗ್ ಕಡೆ, ಯುರೋಪ್ ಒಕ್ಕೂಟದ ಹೊರಗಿನವರು 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಕೊಡಬೇಕು. ನಾಲ್ಕು ಸೆಮಿಸ್ಟರ್‌ಗೆ 6 ಲಕ್ಷ ರೂಪಾಯಿ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಟಿಯುಎಂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಮಾಸ್ಟರ್ಸ್‌ಗೆ ಹೊಸದಾಗಿ ಸೇರುವ ಹೊರಗಿನವರಿಂದ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ಪಡೆಯುತ್ತಿದೆ. ಇನ್ನು ಖಾಸಗಿ ಸಂಸ್ಥೆಗಳದ್ದು ಬೇರೆಯೇ ದರ. ಕನ್ಸಲ್ಟೆನ್ಸಿಗೆ ಹೋದವರಿಗೆ ಖಾಸಗಿ ಹೆಸರುಗಳೇ ಹೆಚ್ಚು ಕೇಳಿಬರುವುದಕ್ಕೆ ಕಾರಣವಿದೆ: ಖಾಸಗಿಯವರು ಒಬ್ಬ ವಿದ್ಯಾರ್ಥಿಗೆ ಇಷ್ಟು ಎಂದು ಕಮಿಷನ್ ಕೊಡುತ್ತಾರೆ, ಸರ್ಕಾರಿ ವಿಶ್ವವಿದ್ಯಾಲಯಗಳು ಕೊಡುವುದಿಲ್ಲ. "ನಿಮಗೆ ಈ ಕಾಲೇಜಿನಿಂದ ಏನಾದರೂ ಬರುತ್ತಾ?" ಎಂದು ನೇರವಾಗಿ ಕೇಳುವ ಹಕ್ಕು ಹೆತ್ತವರಿಗಿದೆ, ಸಂಕೋಚ ಬೇಡ. ಸಂಸ್ಥೆಯ ಹೆಸರನ್ನು ಅನಬಿನ್ ಎಂಬ ಜರ್ಮನ್ ಸರ್ಕಾರಿ ದತ್ತಾಂಶ ಪುಟದಲ್ಲಿ ಹುಡುಕಿದರೆ ಮಾನ್ಯತೆ ಇದ್ದಲ್ಲಿ "ಎಚ್ ಪ್ಲಸ್" ಗುರುತು ಇರುತ್ತದೆ.

ಪ್ರವೇಶಪತ್ರ ಬಂದ ದಿನ ಅದನ್ನು ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳುತ್ತೇವೆ. ಅದರಲ್ಲಿ ಷರತ್ತು ಇದೆಯೇ, ಯಾವ ದಿನದೊಳಗೆ ಒಪ್ಪಿಗೆ ತಿಳಿಸಬೇಕು, ಕಟ್ಟಿದ ಮುಂಗಡ ವಾಪಸ್ ಬರುತ್ತದೆಯೇ, ಕೊನೆಯ ಸೆಮಿಸ್ಟರ್ ಅಂಕಪಟ್ಟಿ ಯಾವಾಗ ತೋರಿಸಬೇಕು: ಈ ನಾಲ್ಕಕ್ಕೆ ಉತ್ತರ ಗೆರೆ ಹಾಕಿ ಇಡಬೇಕು. ಷರತ್ತಿನ ಪ್ರವೇಶವನ್ನೇ ಪೂರ್ತಿ ಪ್ರವೇಶ ಎಂದುಕೊಂಡು ಹಬ್ಬ ಮಾಡಿದ ಮನೆಗಳು ಆಗಸ್ಟ್‌ನಲ್ಲಿ ಫಲಿತಾಂಶಕ್ಕಾಗಿ ಕಾಲೇಜಿನ ಬಾಗಿಲಲ್ಲಿ ನಿಂತಿರುತ್ತವೆ.

ಈವರೆಗಿನ ಬಲಗಡೆಯ ಅಂಕಣ ಕೂಡಿದರೆ ಮೊತ್ತ ಒಂದು ಲಕ್ಷ ದಾಟಿರುವುದಿಲ್ಲ. ಜೂನ್ ಸಾಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ.

ಜರ್ಮನಿಯ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವನ್ನು ಮುಂಚಿತವಾಗಿ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ, ಹತ್ತಿರ ಹತ್ತಿರ 12 ಲಕ್ಷ ರೂಪಾಯಿ. ಇದು ಫೀಸಲ್ಲ, ಯಾರಿಗೂ ಕೊಡುವ ದುಡ್ಡೂ ಅಲ್ಲ, ಮಗುವಿನ ಹೆಸರಲ್ಲೇ ಇರುವ ಹಣ ಎಂಬುದನ್ನು ಅಪ್ಪ ಅಮ್ಮನಿಗೆ ಎರಡು ಸಲ ಹೇಳಬೇಕಾಗುತ್ತದೆ. ಅಲ್ಲಿ ಇಳಿದ ಮೇಲೆ ತಿಂಗಳಿಗೆ 992 ಯೂರೋದಂತೆ ಬಿಡುಗಡೆಯಾಗುತ್ತದೆ. ವೀಸಾ ಸಿಗದಿದ್ದರೆ ವಾಪಸ್ ಬರುತ್ತದೆ. ಆ 992ರಲ್ಲೇ ಆರೋಗ್ಯ ವಿಮೆ ಸುಮಾರು 150, ವಿದ್ಯಾರ್ಥಿ ನಿಲಯದಲ್ಲಿ ಜಾಗ ಸಿಕ್ಕರೆ ಬಾಡಿಗೆ 300ರಿಂದ 400, ಉಳಿದದ್ದರಲ್ಲಿ ಊಟ, ಓಡಾಟ, ಫೋನು. ಮ್ಯೂನಿಕ್‌ನಂಥ ಊರಲ್ಲಿ ಹೊರಗೆ ಕೋಣೆ ಹಿಡಿದರೆ ಬಾಡಿಗೆಯೇ ಇದರ ಬಹುಪಾಲು ನುಂಗುತ್ತದೆ. ಸಣ್ಣ ಊರಿನ ಒಳ್ಳೆಯ ವಿಶ್ವವಿದ್ಯಾಲಯವನ್ನು ನಾವು ಪಟ್ಟಿಯ ಮೇಲಕ್ಕೆ ತರುವುದು ಇದೇ ಲೆಕ್ಕದಿಂದ.

ಈ ಹಣ ಕಳಿಸುವಾಗ ಟಿಸಿಎಸ್, ಅಂದರೆ ಮೂಲದಲ್ಲೇ ವಸೂಲಿ ಮಾಡುವ ತೆರಿಗೆ ಎಂಬ ಮಾತು ಬ್ಯಾಂಕಿನಲ್ಲಿ ಕೇಳಿಬರುತ್ತದೆ, ಹೆತ್ತವರು ಇದನ್ನು ದಂಡವೆಂದೇ ತಿಳಿಯುತ್ತಾರೆ. ಒಬ್ಬರ ಪ್ಯಾನ್ ಮೇಲೆ ಒಂದು ಆರ್ಥಿಕ ವರ್ಷದಲ್ಲಿ ಹೊರದೇಶಕ್ಕೆ ಕಳಿಸಿದ ಹಣ 10 ಲಕ್ಷ ದಾಟಿದರೆ, ದಾಟಿದ ಭಾಗದ ಮೇಲಷ್ಟೇ ಬ್ಯಾಂಕು ತೆರಿಗೆ ಹಿಡಿಯುತ್ತದೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 7 ಲಕ್ಷ ಇತ್ತು. ಹಿಡಿದ ಹಣ ರಿಟರ್ನ್ಸ್ ಸಲ್ಲಿಸಿದಾಗ ಕಳಿಸಿದವರ ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಾಗಿದ್ದರೆ ಮರಳಿ ಬರುತ್ತದೆ. ಅಪ್ಪ 6 ಲಕ್ಷ, ಅಮ್ಮ 6 ಲಕ್ಷ ತಮ್ಮ ತಮ್ಮ ಖಾತೆಯಿಂದ ಕಳಿಸಿದರೆ ಇಬ್ಬರದೂ ಮಿತಿಯೊಳಗೇ ಉಳಿಯುತ್ತದೆ. ಶಿಕ್ಷಣ ಸಾಲದಿಂದ ನೇರವಾಗಿ ಹೋದ ಹಣಕ್ಕೆ 2025ರ ಏಪ್ರಿಲ್‌ನಿಂದ ಟಿಸಿಎಸ್ ಇಲ್ಲವೇ ಇಲ್ಲ. ಹೊರದೇಶಕ್ಕೆ ಹಣ ಕಳಿಸಲು ಬ್ಯಾಂಕಿನಲ್ಲಿ ತುಂಬುವ ಎ2 ಫಾರಂನಲ್ಲಿ ಉದ್ದೇಶ "ಶಿಕ್ಷಣ" ಎಂದೇ ಬರೆಸಿ. ಬೇರೆ ಉದ್ದೇಶ ಹಾಕಿಬಿಟ್ಟರೆ ಮಿತಿ ಮೀರಿದ ಭಾಗಕ್ಕೆ ದರ ಶೇ 20ರವರೆಗೆ ಏರುತ್ತದೆ.

ಸಾಲದ ಮಾತು ಜೂನ್‌ನಲ್ಲಿ ಆಡುವುದಲ್ಲ, ಜನವರಿಯಲ್ಲೇ ಆಡಬೇಕು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಭದ್ರತೆ ಬೇಡ, 7.5 ಲಕ್ಷದವರೆಗೂ ಆಸ್ತಿ ಅಡವಿಡದೆ ಸಿಗುತ್ತದೆ, ಅದಕ್ಕಿಂತ ಮೇಲೆ ಆಸ್ತಿ ಕೇಳುತ್ತಾರೆ. ಹೊರದೇಶದ ಓದಿಗೆ ಶೇ 15ರಷ್ಟು ನಮ್ಮ ಕೈಯಿಂದ ಹಾಕಬೇಕು. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೊರಟವರಿಗೆ ನಾವು ಹೇಳುವುದು: 7.5 ಲಕ್ಷ ಸಾಲ, ಉಳಿದ ನಾಲ್ಕೂವರೆ ಲಕ್ಷ ಉಳಿತಾಯದಿಂದ, ಆಸ್ತಿಪತ್ರ ಮನೆಯ ಬೀರುವಿನಲ್ಲೇ ಇರಲಿ. ಒಂದು ತೊಡಕಿದೆ. ಬ್ಯಾಂಕುಗಳಿಗೆ ರೂಢಿ ಇರುವುದು ವಿಶ್ವವಿದ್ಯಾಲಯಕ್ಕೆ ಫೀಸು ಕಟ್ಟುವುದು. ಫೀಸೇ ಇಲ್ಲದ ಕೋರ್ಸಿಗೆ ವರ್ಷದ ಊಟ ಬಾಡಿಗೆಯ ಹಣವನ್ನು ವೀಸಾಕ್ಕೆ ಮೊದಲೇ, ಒಂದೇ ಕಂತಿನಲ್ಲಿ ಬ್ಲಾಕ್ಡ್ ಅಕೌಂಟ್‌ಗೆ ಹಾಕಲು ಕೆಲವು ಶಾಖೆಗಳು ಒಪ್ಪುವುದಿಲ್ಲ. ಮಂಜೂರಾತಿ ಪತ್ರ ಕೈಗೆ ಬಂದರೂ ಹಣ ಬರದೆ ವೀಸಾ ದಿನ ತಪ್ಪುವುದು ಹೀಗೆ. ಅರ್ಜಿ ಕೊಡುವ ದಿನವೇ "ಬ್ಲಾಕ್ಡ್ ಅಕೌಂಟ್‌ಗೆ ವೀಸಾಕ್ಕೆ ಮುಂಚೆ ಪೂರ್ತಿ ಬಿಡುಗಡೆ ಮಾಡುತ್ತೀರಾ?" ಎಂದು ಕೇಳಿ, ಮಂಜೂರಾತಿ ಪತ್ರದಲ್ಲಿ ಆ ಸಾಲು ಬರೆಸಿಕೊಳ್ಳಿ.

ಅಮೆರಿಕಕ್ಕೋ ಬ್ರಿಟನ್‌ಗೋ ಹೋಗುವವರಿಗೆ ದೊಡ್ಡ ಸಾಲವೇ ಬೇಕು, ಆಗ ಆಸ್ತಿಯ ಕಾಗದ ಮೇಜಿಗೆ ಬರುತ್ತದೆ. ನಮ್ಮ ಹಳ್ಳಿಗಳ ಹೆತ್ತವರಿಗೆ ಅತಿ ಹೆಚ್ಚು ನಿರಾಸೆಯಾಗುವುದು ಇಲ್ಲೇ. ನಾಲ್ಕು ಎಕರೆ ನೀರಾವರಿ ಜಮೀನಿದ್ದರೂ ಬ್ಯಾಂಕು ಬೇಡ ಎನ್ನುತ್ತದೆ, ಏಕೆಂದರೆ ಸಾಲ ಮರಳದಿದ್ದಾಗ ಕೋರ್ಟಿಗೆ ಹೋಗದೆ ಆಸ್ತಿ ವಶಪಡಿಸಿಕೊಳ್ಳುವ ಸರ್ಫೇಸಿ ಕಾಯಿದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಭೂಪರಿವರ್ತನೆಯಾದ ಸೈಟು, ಮನೆ, ಫ್ಲ್ಯಾಟು ನಡೆಯುತ್ತವೆ. ಊರೊಳಗಿನ ಮನೆಗೆ ಇ-ಸ್ವತ್ತು ನಮೂನೆ 9 ಮತ್ತು 11 ಬೇಕು, ನಗರದ್ದಕ್ಕೆ ಇ-ಖಾತೆ. ಬಿ ಖಾತೆ ಆಸ್ತಿಯನ್ನು ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪತ್ರ ತೆಗೆಸಬಹುದು. ಮನೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಹಕ್ಕಿರುವ ಎಲ್ಲರ ಸಹಿ ಬೇಕಾಗುತ್ತದೆ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು, ಹಾಗಾಗಿ ಅತ್ತೆಯಂದಿರ ಸಹಿ ಇಲ್ಲದೆ ಬ್ಯಾಂಕಿನ ವಕೀಲರು ಮುಂದೆ ಹೋಗುವುದಿಲ್ಲ. ಮಗಳ ಓದಿನ ಮಾತು ಎಲ್ಲರ ಮುಂದೆ ಮೊದಲೇ ಆಡಿದ ಮನೆಗಳಲ್ಲಿ ಈ ಸಹಿಗಳು ಒಂದು ಭಾನುವಾರ ಮುಗಿಯುತ್ತವೆ. ಕಡೇ ಗಳಿಗೆಯಲ್ಲಿ ಕೇಳಿದರೆ ಹಳೆಯ ಪಾಲಿನ ತಕರಾರುಗಳೆಲ್ಲ ಎದ್ದು ಕೂರುತ್ತವೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿದ್ದರೆ ಸಾಲದ ಕಡೆ ಹೊರಳುವ ಮೊದಲು ರಾಜ್ಯದ ಪ್ರಬುದ್ಧ ವಿದ್ಯಾರ್ಥಿವೇತನವನ್ನು ನೋಡಲೇಬೇಕು. ಅದರ ಅರ್ಜಿಯ ಗಡುವು ಬಿಟ್ಟವರು ಬಹಳ ಮಂದಿ.

ಬಡ್ಡಿಯ ಲೆಕ್ಕವನ್ನು ಅಮ್ಮನ ಕೈಯಲ್ಲೇ ಹಾಕಿಸುತ್ತೇವೆ. 20 ಲಕ್ಷ ಸಾಲ, ಶೇ 10 ಬಡ್ಡಿ ಎನ್ನಿ. ಓದುವಾಗ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ: ಪೂರ್ತಿ ಹಣ ಬಿಡುಗಡೆಯಾಗಿದ್ದರೆ ತಿಂಗಳಿಗೆ 16,667 ರೂಪಾಯಿ, ಮೂರು ವರ್ಷಕ್ಕೆ 6 ಲಕ್ಷ. ಕಟ್ಟದೆ ಬಿಟ್ಟರೆ 26 ಲಕ್ಷಕ್ಕೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 34,360. ಬಡ್ಡಿಯನ್ನಷ್ಟೇ ತಿಂಗಳು ತಿಂಗಳೂ ಕಟ್ಟುತ್ತ ಬಂದಿದ್ದರೆ ಕಂತು 26,430. ಆಗ 6 ಲಕ್ಷ ಕಟ್ಟಿದವರು ಆಮೇಲೆ ಒಂಬತ್ತೂವರೆ ಲಕ್ಷ ಉಳಿಸುತ್ತಾರೆ.

ಉಳಿದ ದೇಶಗಳ ಹಾಳೆಗಳಲ್ಲಿ ಹಣದ ಗಂಟು ಬೇರೆ ಬೇರೆ ತಿಂಗಳಲ್ಲಿ ಬೀಳುತ್ತದೆ. ಬ್ರಿಟನ್‌ಗೆ ಬೇಕಾದ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು, ಒಂದು ದಿನ ಕಡಿಮೆಯಾದರೂ ವೀಸಾ ನಿರಾಕರಣೆ; ನೆಂಟರಿಂದ ವಾರದ ಮಟ್ಟಿಗೆ ಇಸಿದುಕೊಂಡ ದುಡ್ಡು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಜೊತೆಗೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಶುಲ್ಕ ಮುಂಗಡ. ಅಮೆರಿಕದಲ್ಲಿ ವೀಸಾಕ್ಕೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಪಡೆಯಲು ಮೊದಲ ವರ್ಷದ ಪೂರ್ತಿ ವೆಚ್ಚ ತೋರಿಸಬೇಕು, ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ವ್ಯವಸ್ಥೆಗೆ ಕಟ್ಟುವ 350 ಡಾಲರ್ ಸೆವಿಸ್ ಶುಲ್ಕ ವೀಸಾ ಶುಲ್ಕದಿಂದ ಪ್ರತ್ಯೇಕ. ಕೆನಡಾದಲ್ಲಿ ಬೇಗ ವೀಸಾ ಕೊಡುತ್ತಿದ್ದ ಎಸ್‌ಡಿಎಸ್ ದಾರಿ 2024ರ ನವೆಂಬರ್‌ನಲ್ಲಿ ಮುಚ್ಚಿತು, ಹಳೆಯ ಬ್ಯಾಚಿನವರ ಅನುಭವ ಈಗ ಹೊಂದುವುದಿಲ್ಲ.

"ಅಲ್ಲಿ ಪಾರ್ಟ್ ಟೈಮ್ ಮಾಡಿಕೊಂಡು ಖರ್ಚು ನೋಡಿಕೊಳ್ತಾನೆ ಬಿಡಿ" ಎನ್ನುವ ಅಪ್ಪಂದಿರಿಗೆ ಇನ್ನೊಂದು ಲೆಕ್ಕ. ಜರ್ಮನಿಯಲ್ಲಿ ವಿದ್ಯಾರ್ಥಿ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. 2026ರಲ್ಲಿ ಕನಿಷ್ಠ ಕೂಲಿ ಗಂಟೆಗೆ 13.90 ಯೂರೋ, ಮಿನಿಜಾಬ್ ಎಂಬ ಸಣ್ಣ ಕೆಲಸದ ಮಿತಿ ತಿಂಗಳಿಗೆ 603 ಯೂರೋ, ಅಂದರೆ ಸುಮಾರು 43 ಗಂಟೆ ದುಡಿಮೆ. ಕೈಖರ್ಚಿಗೆ ಇದು ಸಾಕು. ಸಾಲದ ಕಂತಿಗೆ ಇದನ್ನು ನಂಬಬಾರದು. ಮೊದಲ ಸೆಮಿಸ್ಟರ್‌ನಲ್ಲಿ ಕೆಲಸ ಸಿಗದಿರುವುದೂ ಸಹಜ, ಭಾಷೆ ಬಾರದೆ ಅಂಗಡಿಯಲ್ಲೂ ನಿಲ್ಲಲಾಗುವುದಿಲ್ಲ. ಹೊರಡುವ ಮೊದಲು ಜರ್ಮನ್ ಭಾಷೆಯ ಮೊದಲೆರಡು ಹಂತಗಳಾದ ಎ1, ಎ2 ಮುಗಿಸಿದವರಿಗೂ ಮುಗಿಸದವರಿಗೂ ಇಲ್ಲಿ ದೊಡ್ಡ ಅಂತರ ಕಾಣುತ್ತದೆ. ಕೋರ್ಸು ಇಂಗ್ಲಿಷ್‌ನಲ್ಲಿದ್ದರೂ ಓದಿನ ನಂತರದ ನೌಕರಿ ಬಹುಪಾಲು ಅದರ ಮುಂದಿನ ಹಂತಗಳಾದ ಬಿ1, ಬಿ2 ಕೇಳುತ್ತದೆ. ಇದನ್ನು ಮಗುವಿಗಿಂತ ಹೆಚ್ಚಾಗಿ ಹೆತ್ತವರಿಗೆ ಮನದಟ್ಟು ಮಾಡಬೇಕು, ಸಂಜೆಯ ಜರ್ಮನ್ ತರಗತಿಗೆ ಹಣ ಕೊಡುವವರು ಅವರೇ.

ಜುಲೈ ವೀಸಾ ತಿಂಗಳು, ಶುಲ್ಕ 75 ಯೂರೋ. ಮೊದಲೆಲ್ಲ ನಿರಾಕರಣೆಯಾದರೆ ಕಾನ್ಸುಲೇಟ್‌ಗೇ ಆಕ್ಷೇಪಣೆ ಬರೆದು ಮತ್ತೊಮ್ಮೆ ನೋಡಿ ಎನ್ನಬಹುದಿತ್ತು. 2025ರ ಜುಲೈ 1ರಿಂದ ಜರ್ಮನಿ ಆ ದಾರಿ ತೆಗೆದಿದೆ. ಹೊಸ ಅರ್ಜಿ ಹಾಕಬೇಕು, ಇಲ್ಲವೇ ಕೋರ್ಟು. ಹಾಗಾಗಿ ಕಾಗದಗಳು ಮೊದಲ ಸಲವೇ ಸರಿ ಇರಬೇಕು. ಓದಿನ ನಡುವೆ ಒಂದು ವರ್ಷ ಖಾಲಿ ಇದ್ದರೆ ಏಕೆಂದು ಒಂದು ಪ್ಯಾರಾ ಬರೆದು ಜೊತೆಗಿಡುವುದು ಒಳ್ಳೆಯದು.

ಮಗಳು ಒಬ್ಬಳೇ ಎಲ್ಲಿರುತ್ತಾಳೆ ಎಂಬ ಅಮ್ಮನ ಆತಂಕಕ್ಕೆ ಸಮಾಧಾನದ ಮಾತಿಗಿಂತ ವಿಳಾಸ ಮುಖ್ಯ. ಪ್ರವೇಶಪತ್ರ ಬಂದ ದಿನವೇ ಆ ಊರಿನ ವಿದ್ಯಾರ್ಥಿ ನಿಲಯಕ್ಕೆ ಅರ್ಜಿ ಹಾಕಬೇಕು, ಕಾಯುವ ಪಟ್ಟಿ ಒಂದೆರಡು ಸೆಮಿಸ್ಟರ್ ಉದ್ದ ಇರುತ್ತದೆ. "ನಾನು ಬೇರೆ ದೇಶದಲ್ಲಿದ್ದೇನೆ, ಮುಂಗಡ ಕಳಿಸಿ, ಕೀಲಿಕೈ ಕೊರಿಯರ್ ಮಾಡುತ್ತೇನೆ" ಎನ್ನುವ ಮನೆಮಾಲೀಕರೆಲ್ಲ ಮೋಸಗಾರರೇ ಎಂದು ಹಿಡಿಯಿರಿ. ಕೋಣೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಬ್ಯಾಂಕ್ ಖಾತೆ, ನಿವಾಸ ಪರವಾನಗಿ ಎಲ್ಲಕ್ಕೂ ಆ ಕಾಗದ ಕೇಳುತ್ತಾರೆ. ಹಾಗಾಗಿ ಬಾಡಿಗೆಗೆ ಕೊಡುವವರು ನೋಂದಣಿ ಪತ್ರ ಕೊಡುತ್ತಾರೆಯೇ ಎಂದು ಇಲ್ಲಿಂದಲೇ ಕೇಳಬೇಕು. ಮೊದಲ ತಿಂಗಳ ಖರ್ಚಿಗೆ, ಬ್ಲಾಕ್ಡ್ ಅಕೌಂಟ್ ಹರಿಯುವವರೆಗೆ, 1,200ರಿಂದ 1,500 ಯೂರೋ ಬೇರೆಯೇ ಜೊತೆಗಿರಲಿ.

ಹಾಳೆಯ ಹದಿನೆಂಟು ಸಾಲು ಮುಗಿದ ಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇವೆ. ಜರ್ಮನಿಯಲ್ಲಿ ಓದು ಮುಗಿಸಿದವರಿಗೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಇಲ್ಲಿ ಕಂತು ಕಟ್ಟದಿರಲು ಬ್ಯಾಂಕು ಕೊಟ್ಟ ವಿನಾಯಿತಿ ಮುಗಿಯುವುದು ಓದು ಮುಗಿದ 12 ತಿಂಗಳಿಗೆ, ಕೆಲವು ಕಡೆ ಆರೇ ತಿಂಗಳಿಗೆ. ಅದರ ಮೇಲೆ ನಾಲ್ಕು ಸೆಮಿಸ್ಟರ್ ಎಂದು ಬರೆದ ಮಾಸ್ಟರ್ಸ್, ಪ್ರಬಂಧ, ಇಂಟರ್ನ್‌ಶಿಪ್ ಸೇರಿ ಐದು ಆರು ಸೆಮಿಸ್ಟರ್‌ಗೆ ಹೋಗುವುದು ಅಲ್ಲಿ ಮಾಮೂಲು. ಬ್ಯಾಂಕು ಎಣಿಸುವುದು ಅರ್ಜಿಯಲ್ಲಿ ಬರೆದ ಎರಡು ವರ್ಷವನ್ನೇ. ಓದು ಲಂಬಿಸಿದರೆ ವಿಶ್ವವಿದ್ಯಾಲಯದಿಂದ ಪತ್ರ ತಂದು ಗಡುವು ಮುಗಿಯುವ ಮೊದಲೇ ಶಾಖೆಗೆ ಕೊಡಬೇಕು. ಕೆಲಸ ಸಿಗುವ ಮೊದಲೇ ಕಂತು ಶುರುವಾಗುವ ಆ ತಿಂಗಳ ಹೆಸರು ಬರೆದು, ಅದರ ಎದುರು ಯಾರು ಕಟ್ಟುತ್ತಾರೆ, ಯಾವ ಖಾತೆಯಿಂದ, ಎಷ್ಟು ತಿಂಗಳವರೆಗೆ ಎಂದು ಮಗು ಮತ್ತು ಅಪ್ಪ ಅಮ್ಮ ಕೂಡಿ ತುಂಬಿದ ಮೇಲೆ ಹಾಳೆಯನ್ನು ಮಡಚಿ ಅವರ ಕೈಗೆ ಕೊಡುತ್ತೇವೆ.